ಬೈಕ್ ಬ್ಯಾಟರಿ ನೀವೇ ಬದಲಿಸಿ: ಬಿಸಿಲ ಸೀಮೆಯ ಹೊಸ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಬೈಕ್ ಬ್ಯಾಟರಿ ಬದಲಿಸುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಒಂದೆರಡು ಪಾನಾ, ಒಂದು ಸ್ಕ್ರೂಡ್ರೈವರ್ ಮತ್ತು ತುಸು ತಾಳ್ಮೆ ಇದ್ದರೆ ಮನೆಯಂಗಳದಲ್ಲೇ ಮುಗಿಯುತ್ತದೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಈ ವಿಷಯದಲ್ಲಿ ದುಡ್ಡು ಪೋಲಾಗುವುದು ಅದಕ್ಕೂ ಮೊದಲೇ. ಬೆಳಗ್ಗೆ ಸೆಲ್ಫ್ ಹೊಡೆಯಲಿಲ್ಲ ಎಂದ ಕೂಡಲೇ ‘ಬ್ಯಾಟರಿ ಹೋಯಿತು’ ಎಂದು ತೀರ್ಮಾನಿಸುತ್ತೇವೆ. ಬೈಕ್ ದೂಡಿಕೊಂಡು ಅಂಗಡಿಗೆ ಹೋಗುತ್ತೇವೆ, ಹೊಸದು ಹಾಕಿಸುತ್ತೇವೆ. ಎರಡು ತಿಂಗಳಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ ಎನ್ನುವುದು ಆಗ ಗೊತ್ತಾಗುತ್ತದೆ.

ಹಾಗಾಗಿ ಈ ಬರಹದಲ್ಲಿ ಬಿಚ್ಚಿ ಕಟ್ಟುವುದಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೋ ಅಳೆದು ನೋಡುವುದಕ್ಕೂ ಅಷ್ಟೇ ಕೊಟ್ಟಿದ್ದೇನೆ. ದೇವದುರ್ಗದಲ್ಲೋ ಮಸ್ಕಿಯಲ್ಲೋ ಕುಷ್ಟಗಿಯ ಹಳ್ಳಿಯೊಂದರಲ್ಲೋ ಇರುವವರಿಗೆ ಶೋರೂಮ್ ಕೂಗಳತೆಯಲ್ಲಿ ಇರುವುದಿಲ್ಲ. ಹೊಲಕ್ಕೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗಲು ಇರುವುದು ಅದೊಂದೇ ಗಾಡಿ. ಅಂಥವರು ಯಾರ ಮಾತಿಗೂ ಕಾಯದೆ ತಮ್ಮ ಬೈಕ್‌ಗೆ ಏನಾಗಿದೆ ಎಂದು ತಾವೇ ಹೇಳುವಂತಾಗಬೇಕು ಎಂಬುದು ನನ್ನ ಆಸೆ.

ಬಿಸಿಲು ಒಳಗೆ ಏನು ಮಾಡುತ್ತದೆ

ಬೈಕ್‌ನ 12 ವೋಲ್ಟ್ ಬ್ಯಾಟರಿಯ ಡಬ್ಬಿಯಲ್ಲಿ ಆರು ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಪ್ರತಿ ಸೆಲ್‌ನೊಳಗೆ ಸೀಸದ ತಗಡುಗಳು, ಸೀಸದ ಡೈಆಕ್ಸೈಡ್ ಲೇಪಿಸಿದ ತಗಡುಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ ಇರುತ್ತವೆ. ಇವು ಒಂದರೊಡನೊಂದು ವರ್ತಿಸಿ ವಿದ್ಯುತ್ ಕೊಡುತ್ತವೆ. ಶಾಖ ಹೆಚ್ಚಿದಂತೆ ಒಳಗಿನ ಬೇಡದ ವರ್ತನೆಗಳೂ ಚುರುಕಾಗುತ್ತವೆ. ನೀರು ಆರುತ್ತದೆ, ತಗಡಿನ ಚೌಕಟ್ಟು ಸವೆಯುತ್ತದೆ, ಬೈಕ್ ಸುಮ್ಮನೆ ನಿಂತಿದ್ದರೂ ಚಾರ್ಜ್ ಇಳಿಯುತ್ತದೆ. ಬ್ಯಾಟರಿಯ ತಾಪ ಸರಾಸರಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಸ್ಥೂಲ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ, ಬಸ್ ನಿಲ್ದಾಣದ ಬಯಲಿನಲ್ಲಿ ಇಡೀ ದಿನ ನಿಂತ ಬೈಕ್‌ನ ಸೀಟಿನಡಿಯ ತಾಪ ಹೊರಗಿನ ಗಾಳಿಗಿಂತಲೂ ಹೆಚ್ಚು. ಬೇರೆ ಊರಿನಲ್ಲಿ ನಾಲ್ಕೈದು ವರ್ಷ ಬಾಳುವ ಬ್ಯಾಟರಿ ಇಲ್ಲಿ ಎರಡು ಮೂರು ವರ್ಷಕ್ಕೇ ಸೋತರೆ ಅಚ್ಚರಿ ಬೇಡ. ಬೇಸಿಗೆಯಲ್ಲಿ ಆದ ಪೆಟ್ಟು ಹಲವು ಸಲ ಡಿಸೆಂಬರ್‌ನ ತಣ್ಣನೆಯ ಬೆಳಗ್ಗೆ ಸೆಲ್ಫ್ ಒತ್ತಿದಾಗಲೇ ಹೊರಗೆ ಕಾಣುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ ಕಡೆ ಗುಳೆ ಹೋಗುವವರ ಬೈಕ್ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಬ್ಯಾಟರಿ ಬಹಳ ದಿನ ಉಳಿದರೆ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಊರಿಗೆ ಮರಳಿದ ದಿನವೇ ಹೊಸ ಬ್ಯಾಟರಿಯ ಖರ್ಚು ಎದುರಾಗುವುದು ಇದರಿಂದ. ಇದನ್ನು ತಪ್ಪಿಸುವ ಬಗೆಯನ್ನು ಮುಂದೆ ಬರೆದಿದ್ದೇನೆ.

ಕೊಳ್ಳುವ ಮೊದಲು ಅಳೆಯಿರಿ

ಮೊದಲು ಕಣ್ಣು, ಕಿವಿಗಳಿಂದಲೇ ಪರೀಕ್ಷಿಸಿ. ಕೀಲಿ ತಿರುಗಿಸಿ ಹಾರ್ನ್ ಒತ್ತಿ. ಹಾರ್ನ್ ಗೊರಗೊರ ಎಂದರೆ, ಸೆಲ್ಫ್ ಒತ್ತಿದಾಗ ಹಸಿರು ನ್ಯೂಟ್ರಲ್ ದೀಪ ನಂದಿ ‘ಟಕಟಕಟಕ’ ಎಂಬ ಸದ್ದು ಬಂದರೆ ವೋಲ್ಟೇಜ್ ಕಡಿಮೆಯಿದೆ ಅಥವಾ ಟರ್ಮಿನಲ್ (ಬ್ಯಾಟರಿಗೆ ವೈರ್ ಕೂಡುವ ಜಾಗ) ಸಡಿಲವಾಗಿದೆ. ದೀಪ, ಹಾರ್ನ್ ಎಲ್ಲ ಚೆನ್ನಾಗಿದ್ದು ಸೆಲ್ಫ್ ಒತ್ತಿದಾಗ ಒಂದೇ ಒಂದು ‘ಟಕ್’ ಬಂದು ನಿಂತರೆ ದೋಷ ರಿಲೇ (ಸ್ಟಾರ್ಟರ್‌ಗೆ ವಿದ್ಯುತ್ ಹರಿಸುವ ಸ್ವಿಚ್) ಅಥವಾ ಸ್ಟಾರ್ಟರ್ ಮೋಟರಿನದ್ದಿರಬಹುದು. ಏನೂ ಬರದಿದ್ದರೆ, ಒಂದು ದೀಪವೂ ಹತ್ತದಿದ್ದರೆ, ಬ್ಯಾಟರಿಯ ಪಕ್ಕದಲ್ಲಿರುವ ಫ್ಯೂಸ್ ತೆಗೆದು ನೋಡಿ. ಕೆಲವು ರೂಪಾಯಿಯ ಫ್ಯೂಸ್ ಸುಟ್ಟಿರುವುದಕ್ಕೆ ಸಾವಿರಾರು ರೂಪಾಯಿಯ ಬ್ಯಾಟರಿ ತಂದವರಿದ್ದಾರೆ. ಕ್ಲಚ್ ಹಿಡಿಯದೆ ಅಥವಾ ಸೈಡ್ ಸ್ಟ್ಯಾಂಡ್ ಎತ್ತದೆ ಸೆಲ್ಫ್ ಹೊಡೆಯದ ಬೈಕ್‌ಗಳೂ ಇವೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮುಂದಿನ ಹಂತಕ್ಕೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಬೇಕು. ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಇರಬೇಕಾದ ವಸ್ತು ಇದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಳ್ಳನ್ನು ಡಿಸಿ 20 ವೋಲ್ಟ್ ಗುರುತಿಗೆ ತಿರುಗಿಸಿ. ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಮೈನಸ್‌ಗೆ ಮುಟ್ಟಿಸಿ. ಮೂರು ಸಲ ಅಳೆಯಬೇಕು, ಮೂರೂ ಬೇರೆ ಬೇರೆ ಸ್ಥಿತಿಯಲ್ಲಿ.

ಮೊದಲನೆಯದು ಬೈಕ್ ರಾತ್ರಿಯಿಡೀ ನಿಂತ ಮೇಲೆ, ಬೆಳಗ್ಗೆ, ಕೀಲಿ ಬಂದ್ ಇದ್ದಾಗ. ಓಡಿಸಿ ಬಂದ ಕೂಡಲೇ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ, ಏಕೆಂದರೆ ತಗಡಿನ ಮೇಲ್ಮೈಯ ಚಾರ್ಜ್ ಇನ್ನೂ ಇಳಿದಿರುವುದಿಲ್ಲ. 12.6ರಿಂದ 12.8 ಇದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗದಷ್ಟು ಚಾರ್ಜ್ ಉಳಿದಿದೆ. 10.5ರ ಆಸುಪಾಸಿನಲ್ಲಿ ನಿಂತು ಚಾರ್ಜ್ ಮಾಡಿದರೂ ಏರದಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿದೆ ಎಂದೇ ಅರ್ಥ. ಆ ಬ್ಯಾಟರಿಯ ಆಸೆ ಬಿಡಿ.

ಎರಡನೆಯದು ಸೆಲ್ಫ್ ಒತ್ತಿರುವಾಗ. ಒಬ್ಬರು ಸೆಲ್ಫ್ ಒತ್ತಲಿ, ಇನ್ನೊಬ್ಬರು ಮೀಟರ್ ನೋಡಲಿ. ಅಂಕಿ ಇಳಿಯುವುದು ಸಹಜ, ಆದರೆ ಸುಮಾರು 10 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ನಿಂತಾಗ 12.6 ತೋರಿಸಿ, ಸೆಲ್ಫ್ ಒತ್ತಿದೊಡನೆ 8ಕ್ಕೋ 7ಕ್ಕೋ ಕುಸಿಯುವ ಬ್ಯಾಟರಿ ಒಳಗೆ ಸೋತಿದೆ. ‘ವೋಲ್ಟೇಜ್ ಸರಿ ಇದೆಯಲ್ಲ’ ಎಂದು ಹಲವರು ಮೋಸ ಹೋಗುವುದು ಇಲ್ಲಿಯೇ.

ಮೂರನೆಯದು ಎಂಜಿನ್ ಓಡುತ್ತಿರುವಾಗ. ಎಕ್ಸಲರೇಟರ್ ತುಸು ತಿರುಗಿಸಿ ನಿಮಿಷಕ್ಕೆ 3,000ದಿಂದ 4,000 ಸುತ್ತಿನಲ್ಲಿ ಹಿಡಿದು ಅಳೆಯಿರಿ. 13.5ರಿಂದ 14.8ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಾಗಿದೆ. 13ಕ್ಕಿಂತ ಮೇಲೇಳದಿದ್ದರೆ ಬ್ಯಾಟರಿಗೆ ಚಾರ್ಜ್ ಬರುತ್ತಲೇ ಇಲ್ಲ. ವಿದ್ಯುತ್ ಹುಟ್ಟಿಸುವ ಕಾಯಿಲ್, ಅದನ್ನು ಹದಕ್ಕೆ ತರುವ ರೆಗ್ಯುಲೇಟರ್ ಅಥವಾ ನಡುವಿನ ವೈರಿಂಗ್ ನೋಡಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಈ ಎರಡೂ ಸಂದರ್ಭಗಳಲ್ಲಿ ಹೊಸ ಬ್ಯಾಟರಿ ಹಾಕುವುದು ವ್ಯರ್ಥ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಲುವೆಯಲ್ಲೇ ನೀರು ಬಾರದಿದ್ದರೆ ಹೊಸ ಹೊಂಡ ತೋಡಿ ಪ್ರಯೋಜನವಿಲ್ಲ.

ಮೂರೂ ಅಂಕಿಗಳು ಸರಿಯಿದ್ದು, ಆದರೂ ಎರಡು ಮೂರು ದಿನ ನಿಂತರೆ ಚಾರ್ಜ್ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಬಹುಪಾಲು ಅದು ಆಮೇಲೆ ಸೇರಿಸಿದ ವಸ್ತುಗಳದ್ದು: ದೊಡ್ಡ ಹಾರ್ನ್, ಬಣ್ಣದ ಎಲ್‌ಇಡಿ ಪಟ್ಟಿ, ಕೀಲಿ ಬಂದ್ ಆದ ಮೇಲೂ ಎಚ್ಚರವಾಗಿರುವ ಮೊಬೈಲ್ ಚಾರ್ಜರ್, ಜಿಪಿಎಸ್ ಪೆಟ್ಟಿಗೆ. ಅವುಗಳ ವೈರ್ ಕಳಚಿ ಎರಡು ದಿನ ನೋಡಿ. ಬ್ಯಾಟರಿ ಉಳಿದರೆ ಕಳ್ಳ ಸಿಕ್ಕ ಹಾಗೆ.

ಕೊನೆಗೊಂದು ಮಾತು. ಚಾರ್ಜ್ ಇಳಿದ ಬ್ಯಾಟರಿ ಎಂದರೆ ಸತ್ತ ಬ್ಯಾಟರಿಯೇ ಆಗಬೇಕಿಲ್ಲ. ಬದಲಿಸುವ ಮೊದಲು ಒಮ್ಮೆ ಅಂಗಡಿಯಲ್ಲಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಮೊದಲೆರಡು ಅಳತೆ ತೆಗೆದುಕೊಳ್ಳಿ. ಅದರಲ್ಲೂ ಸೋತರೆ ಮಾತ್ರ ಹೊಸದಕ್ಕೆ ಕೈ ಹಾಕಿ.

ಯಾವುದನ್ನು ತರಬೇಕು

ಹಳೆಯ ಬ್ಯಾಟರಿಯ ಮೇಲಿನ ಚೀಟಿಯನ್ನು ಓದಿ, ಬೈಕ್‌ನೊಂದಿಗೆ ಬಂದ ಕೈಪಿಡಿಯೊಂದಿಗೆ ತಾಳೆ ನೋಡಿ. ಹಳೆಯದೇ ತಪ್ಪು ಬ್ಯಾಟರಿ ಆಗಿರುವ ಸಾಧ್ಯತೆ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದ್ದೇ ಇರುತ್ತದೆ. ನಾಲ್ಕು ಸಂಗತಿ ಹೊಂದಬೇಕು. ವೋಲ್ಟೇಜ್ 12 ಇರಬೇಕು. ಆಂಪಿಯರ್-ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ, ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. 100-110 ಸಿಸಿ ಬೈಕ್ ಮತ್ತು ಸ್ಕೂಟರುಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 5ರ ನಡುವೆ, 150 ಸಿಸಿ ಮತ್ತು ಮೇಲಿನವುಗಳಲ್ಲಿ ಹಲವಕ್ಕೆ 8 ಅಥವಾ 9. ಉದ್ದ, ಅಗಲ, ಎತ್ತರ ಹಳೆಯ ಗೂಡಿಗೆ ಒಪ್ಪಬೇಕು. ನಾಲ್ಕನೆಯದನ್ನು ಮರೆಯುವವರೇ ಹೆಚ್ಚು: ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ಎನ್ನುವುದು. ಅದು ತಿರುಗುಮುರುಗಾದರೆ ವೈರ್ ಎಟುಕುವುದಿಲ್ಲ. ಎಟುಕಿಸಲು ಎಳೆದಾಡಿದರೆ ಒಂದು ದಿನ ಮತ್ತೊಂದಕ್ಕೆ ತಾಗುತ್ತದೆ. ಹಳೆಯ ಬ್ಯಾಟರಿಯನ್ನೇ ಅಂಗಡಿಗೆ ಒಯ್ಯಿರಿ. ಅದಾಗದಿದ್ದರೆ ಮೇಲಿನಿಂದ ಮತ್ತು ಮುಂದಿನಿಂದ ತೆಗೆದ ಫೋಟೊ ಮೊಬೈಲ್‌ನಲ್ಲಿರಲಿ.

ಹೆಚ್ಚು ಆಂಪಿಯರ್ ಹಾಕಿದರೆ ಹೆಚ್ಚು ದಿನ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೈಕ್‌ನ ಚಾರ್ಜಿಂಗ್ ವ್ಯವಸ್ಥೆ ಇರುವುದು ಮೂಲ ಅಳತೆಗೆ ತಕ್ಕಂತೆ. ಲಿಥಿಯಂ ಬ್ಯಾಟರಿಯೂ ಕೈಪಿಡಿ ಒಪ್ಪದ ಹೊರತು ಮೊದಲ ಬಾರಿ ಮಾಡುವವರಿಗೆ ಬೇಡ.

ಬಗೆ ಮೂರು. ಕಾರ್ಖಾನೆಯಲ್ಲೇ ಆಮ್ಲ ತುಂಬಿ ಮುಚ್ಚಿದ್ದು, ಅಂಗಡಿಯಲ್ಲಿ ‘ಮೇಂಟೆನೆನ್ಸ್ ಫ್ರೀ’ ಎಂದು ಕೊಡುವುದು ಹೊಸಬರಿಗೆ ಅತ್ಯಂತ ಸುಲಭ. ಎರಡನೆಯದರಲ್ಲಿ ಆಮ್ಲದ ಬಾಟಲಿ ಬೇರೆಯಾಗಿ ಬರುತ್ತದೆ. ಅದನ್ನು ಅಂಗಡಿಯವರಿಂದಲೇ ತುಂಬಿಸಿ, ಮೊದಲ ಚಾರ್ಜ್ ಮಾಡಿಸಿಯೇ ಮನೆಗೆ ತನ್ನಿ. ‘ಹಾಕಿಕೊಂಡು ಓಡಿಸಿ, ತಾನೇ ಚಾರ್ಜ್ ಆಗುತ್ತದೆ’ ಎಂದರೆ ಒಪ್ಪದಿರಿ. ಮೊದಲ ಚಾರ್ಜ್ ಅರೆಬರೆಯಾದ ಬ್ಯಾಟರಿ ಮುಂದೆಂದೂ ಪೂರ್ತಿ ತಾಕತ್ತು ತೋರಿಸುವುದಿಲ್ಲ. ಮೂರನೆಯದು ಮುಚ್ಚಳ ತೆಗೆದು ನೀರು ಹಾಕುವ ಹಳೆಯ ಬಗೆ, ಈಗ ಕಡಿಮೆ.

ಎಕ್ಸೈಡ್, ಅಮರಾನ್, ಎಸ್‌ಎಫ್ ಸೋನಿಕ್ ಮುಂತಾದವುಗಳಲ್ಲಿ ಯಾವುದು ಎನ್ನುವುದಕ್ಕಿಂತ, ನಿಮ್ಮ ಊರಿನಲ್ಲಿ ವಾರಂಟಿಗೆ ಸ್ಪಂದಿಸುವ ಅಂಗಡಿ ಯಾವುದು ಎನ್ನುವುದನ್ನು ವಿಚಾರಿಸಿ. ಅಂಗಡಿಯಲ್ಲಿ ಎರಡು ಕೆಲಸ ತಪ್ಪದೆ ಮಾಡಿ. ತಯಾರಾದ ತಿಂಗಳು ಕೇಳಿ. ಆರು ತಿಂಗಳಿಗಿಂತ ಹಳೆಯದು, ಅದರಲ್ಲೂ ತಗಡಿನ ಮಾಳಿಗೆಯಡಿ ಬೇಸಿಗೆ ಕಳೆದದ್ದು ಬೇಡ. ಮೀಟರ್ ಹಿಡಿದು ವೋಲ್ಟೇಜ್ ತೋರಿಸಲು ಹೇಳಿ. ಮುಚ್ಚಿದ ಬ್ಯಾಟರಿ 12.6ಕ್ಕಿಂತ ಕಡಿಮೆ ತೋರಿಸಿದರೆ ಚಾರ್ಜ್ ಮಾಡಿಸಿ ಅಥವಾ ಬೇರೆಯದನ್ನು ಕೇಳಿ. ಬಿಲ್, ಸಂಖ್ಯೆ ಬರೆದು ಮೊಹರು ಒತ್ತಿದ ವಾರಂಟಿ ಕಾರ್ಡ್ ಇಲ್ಲದೆ ಹೊರಡಬೇಡಿ. ಅವುಗಳ ಫೋಟೊ ತೆಗೆದಿಡಿ, ಕಾಗದ ಮಾಸಿದರೂ ದಾಖಲೆ ಉಳಿಯುತ್ತದೆ.

ಕೈ ಹಾಕುವ ಮುನ್ನ

ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಕೆಲಸಕ್ಕೆ ಕೂರಿ. ಮಧ್ಯಾಹ್ನ ಎಂಜಿನ್, ಚೌಕಟ್ಟು ಮುಟ್ಟಲಾಗದಷ್ಟು ಕಾದಿರುತ್ತವೆ. ಸಮತಟ್ಟು ನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚುವ ಸಾಹಸವನ್ನು ಯಾರು ಹೇಳಿದರೂ ಮಾಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಎಲೆಕ್ಟ್ರಾನಿಕ್ ಭಾಗಗಳು ಸುಡುತ್ತವೆ.

ಬೇಕಾದ ಸಾಮಾನು: 8 ಮತ್ತು 10 ಎಂಎಂ ಪಾನಾ, ಸ್ಟಾರ್ ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಶ್, ಒಂದು ತುಂಡು ಸ್ಯಾಂಡ್‌ಪೇಪರ್, ಅಡುಗೆ ಸೋಡಾ, ವ್ಯಾಸಲೀನ್, ಒಣ ಬಟ್ಟೆ, ರಬ್ಬರ್ ಕೈಗವಸು, ತಿರುಪುಗಳನ್ನು ಹಾಕಿಡಲು ಒಂದು ತಟ್ಟೆ. ಕಣ್ಣಿಗೆ ಕನ್ನಡಕ ಇರಲಿ. ಕೈಯ ಕಡಗ, ಉಂಗುರ, ವಾಚು, ಕೊರಳ ಸರ ತೆಗೆದಿಡಿ. ಕಡಗ ಪ್ಲಸ್‌ಗೂ ಚೌಕಟ್ಟಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮ ಸುಡುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಅದು ಕಿಡಿ ಕಂಡರೆ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಗಾಳಿಯಾಡುವ ಜಾಗವಿರಲಿ, ಹತ್ತಿರ ಬೀಡಿ, ಊದುಬತ್ತಿ ಬೇಡ. ಮಕ್ಕಳನ್ನು ದೂರವಿಡಿ. ಆಮ್ಲ ಮೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ; ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹರಿಸುತ್ತ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ.

ಬ್ಯಾಟರಿ ಬಹುಪಾಲು ಬೈಕ್‌ಗಳಲ್ಲಿ ಪಕ್ಕದ ಪ್ಯಾನಲ್ ಒಳಗೆ ಅಥವಾ ಸೀಟಿನಡಿ ಇರುತ್ತದೆ. ಸ್ಕೂಟರುಗಳಲ್ಲಿ ಕಾಲಿಡುವ ಜಾಗದ ಕೆಳಗೋ ಸೀಟಿನಡಿಯೋ ಇರುತ್ತದೆ. ಪ್ಯಾನಲ್ ಹಲವು ಬಾರಿ ಒಂದು ತಿರುಪು ಮತ್ತು ರಬ್ಬರ್ ಗುಂಡಿಗಳೊಳಗೆ ಕೂತ ಪ್ಲಾಸ್ಟಿಕ್ ಮೊಳೆಗಳ ಮೇಲೆ ನಿಂತಿರುತ್ತದೆ. ನಮ್ಮ ಬಿಸಿಲಿನಲ್ಲಿ ಒಣಗಿದ ಪ್ಲಾಸ್ಟಿಕ್ ಬಹಳ ಬೇಗ ಮುರಿಯುತ್ತದೆ, ಹಾಗಾಗಿ ಒಂದೇ ಮೂಲೆ ಹಿಡಿದು ಕೀಳಬೇಡಿ. ಒಂದೊಂದು ಗುಂಡಿಯ ಹತ್ತಿರವೇ ಬೆರಳಿಟ್ಟು, ಒಂದೊಂದನ್ನೇ ಮೆಲ್ಲಗೆ ಎಳೆಯಿರಿ.

ಮೈನಸ್ ಮೊದಲು

ಎಲ್ಲ ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಯಾವ ವೈರ್ ಎಲ್ಲಿದೆ, ಯಾವುದರ ಮೇಲೆ ಯಾವುದು ಕೂತಿದೆ ಎಂಬುದು ಸ್ಪಷ್ಟವಾಗಿ ಕಾಣಲಿ.

ಮೊದಲು ಮೈನಸ್ ಬಿಚ್ಚಿ. ಕಪ್ಪು ಅಥವಾ ಹಸಿರು ವೈರ್ ಇರುವ ಕಡೆ ಎಂದು ಬಣ್ಣ ನಂಬಿ ಹೋಗಬೇಡಿ, ಬ್ಯಾಟರಿಯ ಮೇಲಿನ ಗುರುತನ್ನೇ ನೋಡಿ. ಈ ಅನುಕ್ರಮದ ಹಿಂದಿನ ಕಾರಣ ತಿಳಿದರೆ ನೀವು ಅದನ್ನು ಎಂದಿಗೂ ಮರೆಯುವುದಿಲ್ಲ. ಬೈಕ್‌ನ ಇಡೀ ಕಬ್ಬಿಣದ ಚೌಕಟ್ಟು ಬ್ಯಾಟರಿಯ ಮೈನಸ್‌ಗೆ ಜೋಡಣೆಯಾಗಿರುತ್ತದೆ. ಮೈನಸ್ ಇನ್ನೂ ಕೂಡಿರುವಾಗ ಪ್ಲಸ್ ಬಿಚ್ಚಲು ಹೋದರೆ, ಪಾನಾದ ಒಂದು ತುದಿ ಪ್ಲಸ್ ಮೇಲಿರುತ್ತದೆ, ಇನ್ನೊಂದು ತುದಿ ಜಾರಿ ಚೌಕಟ್ಟಿಗೆ ತಾಗಿತೆಂದರೆ ಬ್ಯಾಟರಿಯ ಇಡೀ ವಿದ್ಯುತ್ ಆ ಪಾನಾದ ಮೂಲಕವೇ ಹರಿಯುತ್ತದೆ. ಕಿಡಿ ಸಿಡಿಯುತ್ತದೆ, ಟರ್ಮಿನಲ್ ಕರಗುತ್ತದೆ, ಬ್ಯಾಟರಿ ಒಡೆಯಲೂಬಹುದು. ಮೈನಸ್ ಮೊದಲು ತೆಗೆದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಪಾನಾ ಚೌಕಟ್ಟಿಗೆ ತಾಗಿದರೂ ಏನೂ ಆಗುವುದಿಲ್ಲ. ಮೈನಸ್ ವೈರಿನ ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ, ಅದು ತಾನಾಗಿ ಚಿಮ್ಮಿ ಮತ್ತೆ ಟರ್ಮಿನಲ್ ಮುಟ್ಟದಿರಲಿ.

ಆಮೇಲೆ ಪ್ಲಸ್ ಮೇಲಿನ ಕೆಂಪು ರಬ್ಬರ್ ಟೋಪಿ ಸರಿಸಿ ಬೋಲ್ಟ್ ಬಿಚ್ಚಿ. ಟರ್ಮಿನಲ್‌ನ ರಂಧ್ರದೊಳಗೆ ಚೌಕಾಕಾರದ ಸಣ್ಣ ನಟ್ ಸಡಿಲವಾಗಿ ಕೂತಿರುತ್ತದೆ. ಅದು ಬೈಕ್‌ನ ಹೊಟ್ಟೆಯೊಳಗೆ ಬಿದ್ದರೆ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ಕೆಳಗೆ ಅಂಗೈ ಹಿಡಿದೇ ಬಿಚ್ಚಿ. ಬೋಲ್ಟ್ ಹಿಡಿದುಕೊಂಡಿದ್ದರೆ ಬಲ ಹಾಕಬೇಡಿ, ಸೀಸದ ಟರ್ಮಿನಲ್ ಮೆತ್ತಗಿರುತ್ತದೆ, ಬುಡವೇ ಕಿತ್ತುಬರುತ್ತದೆ. ಸೋಡಾ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಬ್ಯಾಟರಿಯನ್ನು ಹಿಡಿದಿರುವ ರಬ್ಬರ್ ಪಟ್ಟಿ ಅಥವಾ ಕ್ಲಾಂಪ್ ಬಿಚ್ಚಿ, ನೆಟ್ಟಗೆ ಮೇಲೆತ್ತಿ. ನೀರು ಹಾಕುವ ಬಗೆಯದಾದರೆ ಪಕ್ಕದಲ್ಲಿ ಸಣ್ಣ ಕೊಳವೆ ಇರುತ್ತದೆ. ಅದನ್ನು ಕಳಚಿ, ಬ್ಯಾಟರಿಯನ್ನು ಓರೆ ಮಾಡದೆ ತೆಗೆಯಿರಿ. ತಳದ ರಬ್ಬರ್ ಹಾಸನ್ನು ಎಸೆಯಬೇಡಿ.

ಗೂಡು ಮತ್ತು ವೈರಿನ ತುದಿ

ಈ ಹಂತಕ್ಕೆ ಹಲವರು ಎರಡು ನಿಮಿಷವೂ ಕೊಡುವುದಿಲ್ಲ. ಸಂಡೂರು, ಹೊಸಪೇಟೆ ಕಡೆ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರು ಕಡೆ ಗದ್ದೆಯ ಕೆಸರು, ಉಳಿದೆಡೆ ಎರೆಮಣ್ಣು ಬ್ಯಾಟರಿಯ ಗೂಡಿನಲ್ಲಿ ಪದರವಾಗಿ ಕೂತಿರುತ್ತದೆ. ಧೂಳಿಗೆ ತೇವವೂ ಆಮ್ಲದ ಆವಿಯೂ ಸೇರಿದರೆ ಎರಡು ಟರ್ಮಿನಲ್‌ಗಳ ನಡುವೆ ವಿದ್ಯುತ್ ಸಣ್ಣಗೆ ಸೋರುತ್ತದೆ. ಗೂಡನ್ನು ಬಟ್ಟೆಯಿಂದ ಒರೆಸಿ. ವೈರಿನ ತುದಿಗಳಲ್ಲಿ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಂಡರೆ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬ್ರಶ್‌ನಿಂದ ಉಜ್ಜಿ. ಬುರುಗು ಬರುವುದು ನಿಂತಿತೆಂದರೆ ಆಮ್ಲ ಹೋಯಿತು. ಒಣಗಿಸಿ, ಸ್ಯಾಂಡ್‌ಪೇಪರ್‌ನಿಂದ ಲೋಹ ಹೊಳೆಯುವ ತನಕ ತಿಕ್ಕಿ. ಹೊಸ ಬ್ಯಾಟರಿ ಹಾಕಿಯೂ ಸೆಲ್ಫ್ ಸೋಮಾರಿಯಾಗಿಯೇ ಇದ್ದರೆ ಕಾರಣ ಬಹುತೇಕ ಈ ಕೊಳೆಯಾಗಿರುತ್ತದೆ.

ಪ್ಲಸ್ ಬೋಲ್ಟ್‌ಗೆ ಹಾರ್ನ್, ಲೈಟುಗಳ ಹೆಚ್ಚುವರಿ ವೈರ್ ಸಿಕ್ಕಿಸಿದ್ದಾರೆಯೇ ನೋಡಿ. ಅವುಗಳ ದಾರಿಯಲ್ಲಿ ಫ್ಯೂಸ್ ಇಲ್ಲದಿದ್ದರೆ ಈಗಲೇ ಹಾಕಿಸಿ, ಅಲ್ಲಿಯವರೆಗೆ ಜೋಡಿಸದೆ ಬಿಡಿ. ಫ್ಯೂಸ್ ಇಲ್ಲದ ವೈರ್ ಎಲ್ಲಾದರೂ ಸವೆದು ಚೌಕಟ್ಟಿಗೆ ತಾಗಿದರೆ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಬೆಂಕಿ ಹುಟ್ಟುತ್ತದೆ. ಈ ವಿಷಯದಲ್ಲಿ ಯಾವ ರಾಜಿಯೂ ಬೇಡ.

ಹೊಸದನ್ನು ಕೂರಿಸುವುದು: ಪ್ಲಸ್ ಮೊದಲು

ಹೊಸ ಬ್ಯಾಟರಿಯನ್ನು ಗೂಡಿನಲ್ಲಿಡುವ ಮೊದಲೇ ಪ್ಲಸ್, ಮೈನಸ್ ಗುರುತನ್ನು ಫೋಟೊದೊಂದಿಗೆ ಹೋಲಿಸಿ. ತಳದ ರಬ್ಬರ್ ಹಾಸು ಹಾಕಿ, ಬ್ಯಾಟರಿ ಇಳಿಸಿ, ಪಟ್ಟಿ ಬಿಗಿಯಿರಿ. ಅಲುಗಾಡಿಸಿ ನೋಡಿ, ಕದಲಬಾರದು. ಕಿತ್ತುಹೋದ ರಸ್ತೆಯಲ್ಲಿ ಓಡುವ ಬೈಕ್‌ನಲ್ಲಿ ಸಡಿಲ ಬ್ಯಾಟರಿಯ ತಗಡುಗಳು ಒಳಗೇ ಉದುರುತ್ತವೆ. ಪಟ್ಟಿ ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ.

ಚೌಕ ನಟ್ ರಂಧ್ರದೊಳಗೆ ಕೆಳಕ್ಕೆ ಜಾರಿ ಬೋಲ್ಟ್‌ಗೆ ಸಿಗದೆ ಸತಾಯಿಸುತ್ತದೆ. ನಟ್‌ನ ಅಡಿಗೆ ಮಡಚಿದ ರಟ್ಟಿನ ತುಂಡು ಅಥವಾ ಸಣ್ಣ ಸ್ಪಂಜು ತುರುಕಿದರೆ ಅದು ಮೇಲಕ್ಕೆ ಬಂದು ನಿಲ್ಲುತ್ತದೆ. ಈಗ ಪ್ಲಸ್ ವೈರ್ ಇಟ್ಟು, ಬೋಲ್ಟನ್ನು ಮೊದಲು ಬೆರಳಿನಿಂದಲೇ ಎರಡು ಮೂರು ಸುತ್ತು ತಿರುಗಿಸಿ. ಎಳೆ ಸರಿಯಾಗಿ ಹಿಡಿದಿದೆ ಎಂದು ಖಚಿತವಾದ ಮೇಲಷ್ಟೇ ಪಾನಾ ಹಾಕಿ. ಹೆಚ್ಚುವರಿ ವೈರ್‌ಗಳಿದ್ದರೆ ದಪ್ಪ ವೈರ್ ಟರ್ಮಿನಲ್‌ಗೆ ಅಂಟಿಕೊಂಡು ಕೆಳಗಿರಲಿ, ಉಳಿದವು ಅದರ ಮೇಲೆ. ವೈರಿನ ತುದಿ ಕೈಯಿಂದ ಅಲುಗಾಡದಷ್ಟು ಬಿಗಿಯಾದರೆ ಸಾಕು. ಕೆಂಪು ಟೋಪಿ ಮುಚ್ಚಿದ ಮೇಲೆ ಮೈನಸ್ ಜೋಡಿಸಿ. ಮೈನಸ್ ಕೊನೆಯಲ್ಲಿ ತಾಗುವಾಗ ಸಣ್ಣ ಕಿಡಿ ಕಾಣಬಹುದು, ಅದು ಸಹಜ. ದೊಡ್ಡ ಕಿಡಿ ಬಂದರೆ ತಕ್ಷಣ ನಿಲ್ಲಿಸಿ. ಕೀಲಿ ಚಾಲೂ ಇದೆ, ಅಥವಾ ಎಲ್ಲೋ ತಾಗಿದೆ, ಅಥವಾ ಪ್ಲಸ್-ಮೈನಸ್ ಅದಲುಬದಲಾಗಿದೆ.

ಬಿಗಿದ ಮೇಲೆ ಎರಡೂ ಟರ್ಮಿನಲ್‌ಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಗಾಳಿ ಮತ್ತು ತೇವ ತಾಗದು. ನೀರು ಹಾಕುವ ಬಗೆಯದಾದರೆ ಗಾಳಿ ಕೊಳವೆಯನ್ನು ಮಡಚಿಕೊಳ್ಳದಂತೆ ಹಳೆಯ ದಾರಿಯಲ್ಲೇ ಕೆಳಗಿಳಿಸಿ; ತುದಿ ಚೈನಿನ ಮೇಲೆ ತೊಟ್ಟಿಕ್ಕಬಾರದು. ಸೀಟಿನಡಿಯ ಬ್ಯಾಟರಿಯಾದರೆ ಸೀಟ್ ಹಾಕಿ ಒತ್ತಿ ನೋಡಿ, ಸೀಟಿನ ತಗಡು ಪ್ಲಸ್ ಮುಟ್ಟುವಂತಿರಬಾರದು.

ಓಡಿಸುವ ಮುನ್ನ

ಕೀಲಿ ತಿರುಗಿಸಿ ದೀಪ, ಹಾರ್ನ್, ಇಂಡಿಕೇಟರ್ ನೋಡಿ. ಫ್ಯೂಯಲ್ ಇಂಜೆಕ್ಷನ್ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಬೈಕ್‌ನಲ್ಲಿ ಪೆಟ್ರೋಲ್ ಪಂಪ್ ಸಣ್ಣಗೆ ಗುಂಯ್ ಎಂದು ನಿಂತ ಮೇಲೆ ಸೆಲ್ಫ್ ಒತ್ತಿ. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಬಿಡುವು ಕೊಡಿ. ಸ್ಟಾರ್ಟ್ ಆದೊಡನೆ ಮೇಲೆ ಹೇಳಿದ ಮೂರನೆಯ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಳ್ಳಿ, 13.5ರಿಂದ 14.8. ಆ ಅಂಕಿಯನ್ನು ದಿನಾಂಕದೊಂದಿಗೆ ವಾರಂಟಿ ಕಾರ್ಡಿನ ಹಿಂಬದಿ ಬರೆದಿಡಿ, ಮುಂದೆ ತೊಂದರೆ ಬಂದಾಗ ಹೋಲಿಸಲು ನಿಮ್ಮದೇ ದಾಖಲೆ ಇರುತ್ತದೆ. ಬೈಕ್‌ನ ಮೀಟರಿನಲ್ಲಿ ಗಡಿಯಾರವಿದ್ದರೆ ಅದು ಹಿಂದಕ್ಕೆ ಹೋಗಿರುತ್ತದೆ, ಸರಿಪಡಿಸಿಕೊಳ್ಳಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಬೈಕ್‌ಗಳ ಮಾಲೀಕರು ಒಂದು ವ್ಯತ್ಯಾಸ ತಿಳಿದಿರಬೇಕು. ಹಳೆಯ ಕಾರ್ಬ್ಯುರೇಟರ್ ಬೈಕ್‌ಗಳಲ್ಲಿ ಹಲವು ಬ್ಯಾಟರಿ ಪೂರ್ತಿ ಇಳಿದರೂ ಕಿಕ್ ಹೊಡೆದರೆ ಓಡುತ್ತಿದ್ದವು. ಫ್ಯೂಯಲ್ ಇಂಜೆಕ್ಷನ್‌ನಲ್ಲಿ ಪಂಪ್, ಕಂಪ್ಯೂಟರ್ ಎಲ್ಲಕ್ಕೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ದೂಡಿದರೂ ಕಿಕ್ ಹೊಡೆದರೂ ಅವುಗಳಲ್ಲಿ ಹಲವು ಏಳುವುದಿಲ್ಲ. 2017ರ ಏಪ್ರಿಲ್‌ನಿಂದ ಎಂಜಿನ್ ಓಡುವಾಗಲೆಲ್ಲ ಮುಂದಿನ ದೀಪ ಉರಿಯುವ ವ್ಯವಸ್ಥೆಯೂ ಕಡ್ಡಾಯವಾಗಿದೆ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎಂದು ಐದೈದು ನಿಮಿಷವಷ್ಟೇ ಓಡುವ ಗಾಡಿಯಲ್ಲಿ ಸೆಲ್ಫ್ ತೆಗೆದುಕೊಂಡ ಚಾರ್ಜ್ ಮರಳಿ ತುಂಬುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿ.

ಬೇಸಿಗೆಯಲ್ಲಿ, ಮತ್ತು ಗುಳೆ ಹೋಗುವಾಗ

ಬೇವಿನ ನೆರಳು ಸಿಕ್ಕರೆ ನಾಲ್ಕು ಹೆಜ್ಜೆ ಹೆಚ್ಚು ನಡೆದಾದರೂ ಅಲ್ಲೇ ನಿಲ್ಲಿಸಿ. ನೀರು ಹಾಕುವ ಬ್ಯಾಟರಿಯಾದರೆ ಮಾರ್ಚ್‌ನಿಂದ ಜೂನ್‌ವರೆಗೆ ಎರಡು ವಾರಕ್ಕೊಮ್ಮೆ ಮಟ್ಟ ನೋಡಿ, ಮೇಲಿನ ಗೆರೆ ದಾಟದಂತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಲವಣ ಬಹಳ, ತಗಡುಗಳನ್ನು ಕೆಡಿಸುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಇದಕ್ಕೆ ಸಾಲದು. ಆಮ್ಲವನ್ನಂತೂ ಸುರಿಯಬೇಡಿ, ಆರುವುದು ನೀರು ಮಾತ್ರ.

ಬೈಕ್ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ವೈರ್ ಒಂದನ್ನೇ ಬಿಚ್ಚಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಹೋಗಿ. ಬ್ಯಾಟರಿಯನ್ನೇ ತೆಗೆದು ಮನೆಯ ತಂಪು ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಇನ್ನೂ ಒಳ್ಳೆಯದು. ಊರಲ್ಲಿರುವ ತಮ್ಮನಿಗೋ ಪಕ್ಕದ ಮನೆಯವರಿಗೋ ಹೇಳಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಚಾರ್ಜ್ ಮಾಡುವ ಕರೆಂಟ್ ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಭಾಗ ಮೀರಬಾರದು: 3 ಆಂಪಿಯರ್-ಅವರ್‌ನದ್ದಕ್ಕೆ 0.3, 9ರದ್ದಕ್ಕೆ 0.9 ಆಂಪಿಯರ್. ಕಾರು, ಟ್ರ್ಯಾಕ್ಟರ್ ಬ್ಯಾಟರಿಗಳೊಂದಿಗೆ ಒಂದೇ ಚಾರ್ಜರ್‌ಗೆ ಸಿಕ್ಕಿಸುವ ಅಂಗಡಿಗಳಿಗೆ ಕೊಡಬೇಡಿ. ಸಣ್ಣ ಬ್ಯಾಟರಿ ಅದರಲ್ಲಿ ಉಬ್ಬಬಹುದು. ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಉಪಯೋಗವಿಲ್ಲ, ಸೆಲ್ಫ್ ಕಳೆದಷ್ಟು ಚಾರ್ಜೂ ಅದರಲ್ಲಿ ಮರಳುವುದಿಲ್ಲ.

ಹಳೆಯ ಬ್ಯಾಟರಿ

ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಕೊಡಿ. ಅದರ ಸೀಸಕ್ಕೆ ಬೆಲೆಯಿದೆ, ಬಿಲ್‌ನಲ್ಲಿ ಆ ಮೊತ್ತ ಕಳೆಯಬೇಕು. ದರ ಕೇಳುವಾಗಲೇ ‘ಹಳೆಯದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು’ ಎಂದು ಎರಡನ್ನೂ ಕೇಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರ ಮೇಲಿದೆ, ಅಂಗಡಿ ಆ ಸರಪಳಿಯ ಮೊದಲ ಕೊಂಡಿ. ಗುಜರಿಯವರು ಮನೆ ಬಾಗಿಲಿಗೇ ಬಂದು ಹತ್ತು ರೂಪಾಯಿ ಹೆಚ್ಚು ಕೊಡುತ್ತೇನೆಂದರೂ ಬೇಡ. ಡಬ್ಬಿ ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿ, ಬಯಲಿನಲ್ಲಿ ಸೀಸ ಕರಗಿಸಿದರೆ ಆ ಹೊಗೆ ಮತ್ತು ಧೂಳು ಸುತ್ತಲಿನ ಮಕ್ಕಳ ಮೈ ಸೇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ. ಮೀನಿನ ಬಲೆಗೆ ಗುಂಡು ಮಾಡಿಕೊಳ್ಳುತ್ತೇನೆ ಎಂದು ಪರಿಚಯದವರೇ ಕೇಳಿದರೂ ಕೊಡಬೇಡಿ.

ಅಂಗಡಿಗೆ ಒಯ್ಯುವಾಗ ಎರಡು ಟರ್ಮಿನಲ್‌ಗಳಿಗೂ ಇನ್ಸುಲೇಶನ್ ಟೇಪ್ ಸುತ್ತಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ. ಬಟ್ಟೆಯ ಚೀಲದಲ್ಲಿ ಹಾಕಿ ಹ್ಯಾಂಡಲ್‌ಗೆ ನೇತುಹಾಕಿದರೆ ಸೋರಿದ ಆಮ್ಲ ಚೀಲವನ್ನೂ ಪ್ಯಾಂಟನ್ನೂ ತಿನ್ನುತ್ತದೆ. ಪಾನಾ, ಬೋಲ್ಟು, ಬೈಕ್‌ನ ಮೈ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಊಟಕ್ಕೆ ಕೂರಿ. ಬಳಸಿದ ಬಟ್ಟೆಯನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬೇಡಿ.